ಮ್ಯಾಡಿಸನ್ ನೋಡುವುದು ಹೇಗೆ? ಎರಡು ಸರೋವರಗಳ ನಡುವಿನ ಕಾಲೇಜು ಊರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮಗನೋ ಮಗಳೋ ಅಮೆರಿಕದಲ್ಲಿ ಓದುತ್ತಿದ್ದರೆ ನಮ್ಮ ಕಡೆಯ ಅಪ್ಪ ಅಮ್ಮಂದಿರ ಪ್ರವಾಸದ ಪಟ್ಟಿ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ನಯಾಗರ, ನ್ಯೂಯಾರ್ಕ್, ವಾಷಿಂಗ್ಟನ್. ಮಕ್ಕಳು ಎರಡು ವರ್ಷ, ನಾಲ್ಕು ವರ್ಷ ಬದುಕುವ ಊರು ಮಾತ್ರ ನಿದ್ದೆ ಸರಿಮಾಡಿಕೊಳ್ಳುವುದಕ್ಕೆ, ಬಟ್ಟೆ ಒಗೆಯುವುದಕ್ಕೆ ಅಂತ ಉಳಿದುಬಿಡುತ್ತದೆ. ಇದು ನನಗೆ ಬೇಸರ ತರುವ ವಿಷಯ. ನಯಾಗರವನ್ನು ಫೋಟೋದಲ್ಲೂ ನೋಡಬಹುದು. ಮಗಳು ಬೆಳಿಗ್ಗೆ ಯಾವ ಬಸ್ ಹಿಡಿಯುತ್ತಾಳೆ, ಯಾವ ದಾರಿಯಲ್ಲಿ ನಡೆಯುತ್ತಾಳೆ ಅನ್ನುವುದನ್ನು ಅಲ್ಲಿಗೇ ಹೋಗಿ ನೋಡಬೇಕು.

ಅಮೆರಿಕದ ಮಧ್ಯ ಪಶ್ಚಿಮದಲ್ಲಿ ಇಂಥ ಕಾಲೇಜು ಊರುಗಳು ಬೇಕಾದಷ್ಟಿವೆ. ಆನ್ ಆರ್ಬರ್, ಬ್ಲೂಮಿಂಗ್ಟನ್, ಅಯೋವಾ ಸಿಟಿ, ಅರ್ಬಾನಾ. ನಾನು ಇಲ್ಲಿ ಹೇಳುತ್ತಿರುವುದು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಬಗ್ಗೆ. ರಾಜ್ಯದ ರಾಜಧಾನಿಯೂ ಅದೇ, ದೊಡ್ಡ ವಿಶ್ವವಿದ್ಯಾಲಯದ ಊರೂ ಅದೇ. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 2.7 ಲಕ್ಷ. ಅದರ ಜೊತೆ ಸುಮಾರು 50,000 ವಿದ್ಯಾರ್ಥಿಗಳ ವಿಶ್ವವಿದ್ಯಾಲಯ. ಮೆಂಡೋಟಾ ಮತ್ತು ಮೊನೋನಾ ಎಂಬ ಎರಡು ಸರೋವರಗಳ ನಡುವೆ ಇರುವ ಕಿರಿದಾದ ನೆಲದ ಮೇಲೆ ಊರಿನ ನಡುಭಾಗ ಕೂತಿದೆ. ಹಾಗಾಗಿ ನೋಡಬೇಕಾದ್ದೆಲ್ಲ ಹತ್ತಿರ ಹತ್ತಿರವೇ ಇದೆ. ಕಾಲಿಗೆ ಒಳ್ಳೆಯ ಶೂ ಇದ್ದರೆ ಅರ್ಧ ತಯಾರಿ ಆದಂತೆ.

1. ಮೊದಲು ತಾರೀಕು, ಆಮೇಲೆ ಟಿಕೆಟ್

ಕಾಲೇಜು ಊರನ್ನು ನಡೆಸುವುದು ವಿಶ್ವವಿದ್ಯಾಲಯದ ಕ್ಯಾಲೆಂಡರ್. ಹವಾಮಾನ ನೋಡುವ ಮುಂಚೆ ಅದನ್ನು ನೋಡಿ.

ಮೇ ತಿಂಗಳ ಮೊದಲ ಭಾಗ ಮತ್ತು ಡಿಸೆಂಬರ್ ಮಧ್ಯ ಅಂದರೆ ಪರೀಕ್ಷೆಯ ಸಮಯ. ಆಗ ಹೋದರೆ ಮಕ್ಕಳು ನಿಮ್ಮ ಜೊತೆ ಊಟಕ್ಕೂ ಸರಿಯಾಗಿ ಕೂರಲಾರರು. ಮೇ ತಿಂಗಳಲ್ಲಿ ಪದವಿ ಪ್ರದಾನ ಇರುತ್ತದೆ. ಅದಕ್ಕಾಗಿಯೇ ಹೋಗುವವರು ಹೋಟೆಲನ್ನು ತಿಂಗಳುಗಟ್ಟಲೆ ಮುಂಚೆ ಕಾದಿರಿಸಬೇಕು. ಆ ವಾರಾಂತ್ಯ ರೂಮಿನ ಬಾಡಿಗೆ ಏರುತ್ತದೆ, ಕೊನೆಗೆ ರೂಮೇ ಸಿಗುವುದಿಲ್ಲ.

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅಮೆರಿಕನ್ ಫುಟ್‌ಬಾಲ್ ಕಾಲ. ತವರಿನಲ್ಲಿ ಪಂದ್ಯವಿರುವ ಶನಿವಾರ ಊರಿಗೆ ಊರೇ ಕೆಂಪು ಬಟ್ಟೆ ಹಾಕಿಕೊಂಡು ಬೀದಿಗೆ ಬರುತ್ತದೆ. ಆ ಗದ್ದಲ ಬೇಕು ಅನ್ನುವವರು ಅದೇ ದಿನ ಹೋಗಿ. ಬೇಡ ಅನ್ನುವವರು ತಂಡ ಬೇರೆ ಊರಿಗೆ ಆಡಲು ಹೋದ ವಾರಾಂತ್ಯ ಆರಿಸಿ. ಬಾಡಿಗೆಯೂ ಕಡಿಮೆ ಇರುತ್ತದೆ.

ಆಗಸ್ಟ್ 14 ಮತ್ತು 15ನ್ನು ಮಾತ್ರ ತಪ್ಪಿಸಿ. ಕ್ಯಾಂಪಸ್ ಸುತ್ತಲಿನ ಬಹುಪಾಲು ಬಾಡಿಗೆ ಕರಾರುಗಳು 14ಕ್ಕೆ ಮುಗಿದು 15ಕ್ಕೆ ಹೊಸದು ಶುರುವಾಗುತ್ತದೆ. ಸಾವಿರಾರು ವಿದ್ಯಾರ್ಥಿಗಳು ಒಟ್ಟಿಗೇ ಮನೆ ಬದಲಿಸುತ್ತಾರೆ. ಸೋಫಾ, ಮೇಜು, ಲ್ಯಾಂಪ್ ಎಲ್ಲ ರಸ್ತೆ ಬದಿಗೆ ಬರುತ್ತವೆ. ಬೇಕಾದವರು ಎತ್ತಿಕೊಂಡು ಹೋಗುತ್ತಾರೆ. ಊರಿನವರು ಇದನ್ನು ಹಿಪ್ಪಿ ಕ್ರಿಸ್‌ಮಸ್ ಅನ್ನುತ್ತಾರೆ. ಮಗ ಅದೇ ದಿನ ಮನೆ ಬದಲಿಸುತ್ತಿದ್ದರೆ ಸಹಾಯಕ್ಕೆ ಹೋಗಿ, ಪ್ರವಾಸಕ್ಕೆ ಬೇಡ.

ಚಳಿಗಾಲ? ಧೈರ್ಯ ಇದ್ದರೆ ಖಂಡಿತ ಹೋಗಿ. ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ಮೆಂಡೋಟಾ ಹೆಪ್ಪುಗಟ್ಟಿರುತ್ತದೆ. ಜನ ಅದರ ಮೇಲೆ ನಡೆಯುತ್ತಾರೆ, ತೂತು ಕೊರೆದು ಮೀನು ಹಿಡಿಯುತ್ತಾರೆ. ಆದರೆ ಸ್ಥಳೀಯರು ಜಾಸ್ತಿ ಜನ ನಡೆಯುತ್ತಿರುವ ಕಡೆ ಮಾತ್ರ ಕಾಲಿಡಿ. ಒಂಟಿಯಾಗಿ ಹೋಗಲೇಬೇಡಿ. ಊರಿಂದ ತಂದ ಸ್ವೆಟರ್ ಆ ಚಳಿಗೆ ಸಾಲದು. ದುಬಾರಿ ಕೋಟು ಕೊಳ್ಳುವ ಬದಲು ವಿಲಿಯಮ್ಸನ್ ಸ್ಟ್ರೀಟ್‌ನಲ್ಲಿರುವ ಸೇಂಟ್ ವಿನ್ಸೆಂಟ್ ಡಿ ಪಾಲ್ ಎಂಬ ಹಳೆ ಸಾಮಾನಿನ ಅಂಗಡಿಗೆ ಹೋಗಿ ನೋಡಿ. ವಾಪಸ್ ಬರುವಾಗ ಅಲ್ಲೇ ದಾನ ಕೊಟ್ಟು ಬರಬಹುದು.

ನನ್ನನ್ನು ಕೇಳಿದರೆ ಜೂನ್ ಕೊನೆ ಅಥವಾ ಸೆಪ್ಟೆಂಬರ್ ಕೊನೆ. ಎರಡು ರಾತ್ರಿ ಕನಿಷ್ಠ. ಅದರಲ್ಲಿ ಒಂದು ಶನಿವಾರ ಇರಲೇಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

2. ತಲುಪುವ ದಾರಿ

ಭಾರತದಿಂದ ನೇರ ವಿಮಾನ ಇಲ್ಲ. ಹೆಚ್ಚಿನವರು ಶಿಕಾಗೋದ ಒಹೇರ್‌ಗೆ ಬರುತ್ತಾರೆ. ಅಲ್ಲಿಂದ ಮ್ಯಾಡಿಸನ್‌ಗೆ ಚಿಕ್ಕ ವಿಮಾನ ಇದೆ, ಬಸ್ಸೂ ಇದೆ. ಶಿಕಾಗೋದಿಂದ ದೂರ ಸುಮಾರು 145 ಮೈಲಿ. ವ್ಯಾನ್ ಗಾಲ್ಡರ್ ಎಂಬ ಬಸ್ ಒಹೇರ್‌ನಿಂದ ಸುಮಾರು 3 ಗಂಟೆಯಲ್ಲಿ ಮ್ಯಾಡಿಸನ್ ತಲುಪಿಸುತ್ತದೆ. ದೊಡ್ಡ ಸೂಟ್‌ಕೇಸ್ ಇರುವವರಿಗೆ ಬಸ್ಸೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ವಿಮಾನಕ್ಕಾಗಿ ಓಡಬೇಕಿಲ್ಲ, ಲಗೇಜು ಕಣ್ಣೆದುರೇ ಇರುತ್ತದೆ.

ಬಸ್ ಟಿಕೆಟ್ ತೆಗೆಯುವಾಗ ವಿಮಾನ ಇಳಿಯುವ ಸಮಯಕ್ಕಿಂತ ಎರಡೂವರೆ, ಮೂರು ಗಂಟೆ ಅಂತರ ಇಟ್ಟುಕೊಳ್ಳಿ. ಇಮಿಗ್ರೇಷನ್ ಸಾಲು ಎಷ್ಟು ಉದ್ದ ಇರುತ್ತದೋ ಹೇಳಲಾಗದು. ವಿದೇಶದ ವಿಮಾನಗಳು ಬರುವ ಟರ್ಮಿನಲ್ 5 ಉಳಿದವುಗಳಿಂದ ದೂರದಲ್ಲಿದೆ. ಹಾಗಾಗಿ ಬಸ್ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ರೈಲಿನ ಯೋಚನೆ ಇದ್ದರೆ ಬಿಟ್ಟುಬಿಡಿ. ರಾಜಧಾನಿಯೇ ಆದರೂ ಮ್ಯಾಡಿಸನ್‌ಗೆ ಪ್ರಯಾಣಿಕರ ರೈಲು ಬರುವುದಿಲ್ಲ. ಹತ್ತಿರದ ನಿಲ್ದಾಣ ಕೊಲಂಬಸ್ ಎಂಬ ಸಣ್ಣ ಊರಿನಲ್ಲಿದೆ. ಮಿಲ್ವಾಕಿಯಿಂದ ಬರುವವರಿಗೆ ಸುಮಾರು 80 ಮೈಲಿ, ಬ್ಯಾಡ್ಜರ್ ಬಸ್ ಇದೆ.

3. ಎಲ್ಲಿ ಉಳಿಯಬೇಕು

ಮಕ್ಕಳ ರೂಮಿನಲ್ಲೇ ಇರೋಣ ಅನ್ನಿಸುವುದು ಸಹಜ. ಆದರೆ ಅಲ್ಲಿ ಬೇರೆ ಮಕ್ಕಳೂ ಇರುತ್ತಾರೆ. ಒಂದೇ ಬಚ್ಚಲುಮನೆ, ಒಂದೇ ಒಲೆ. ಮೊದಲು ಕೇಳಿ. ಮಕ್ಕಳು ಸ್ವಲ್ಪ ತಡವರಿಸಿದರೂ ಅದನ್ನೇ ಉತ್ತರ ಅಂದುಕೊಂಡು ಹೋಟೆಲ್ ನೋಡಿ. ಇದರಲ್ಲಿ ಬೇಜಾರು ಪಡುವಂಥದ್ದು ಏನೂ ಇಲ್ಲ.

ರಾಜ್ಯದ ಶಾಸನಸಭೆ ಇರುವ ಕ್ಯಾಪಿಟಲ್ ಕಟ್ಟಡಕ್ಕೂ ಕ್ಯಾಂಪಸ್‌ಗೂ ನಡುವೆ ರೂಮ್ ಸಿಕ್ಕರೆ ಒಳ್ಳೆಯದು. ದರ ಜಾಸ್ತಿ, ಆದರೆ ಕಾರಿನ ಗೊಡವೆ ಇಲ್ಲ. ದರ ಕಡಿಮೆ ಬೇಕೆಂದರೆ ಊರಿನ ಪಶ್ಚಿಮ ಭಾಗದಲ್ಲಿ ಹುಡುಕಿ, ಎ ಲೈನ್ ಬಸ್ ಹತ್ತಿರ ಇರಲಿ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ರ‍್ಯಾಪಿಡ್ ಬಸ್ ಊರನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುತ್ತದೆ, ಕ್ಯಾಂಪಸ್ ಮೇಲೆಯೇ ಹೋಗುತ್ತದೆ. ಕ್ಯಾಂಪಸ್ ಒಳಗೆ ಸುತ್ತುವ 80ನೇ ನಂಬರ್ ಬಸ್ಸಿಗೆ ಟಿಕೆಟ್ಟೇ ಇಲ್ಲ, ಯಾರು ಬೇಕಾದರೂ ಹತ್ತಬಹುದು.

4. ಶನಿವಾರ ಬೆಳಿಗ್ಗೆ: ಸಂತೆ

ಎರಡು ರಾತ್ರಿಯಲ್ಲಿ ಒಂದು ಶನಿವಾರ ಸೇರಿರಲಿ ಅಂದದ್ದು ಇದಕ್ಕೆ. ಏಪ್ರಿಲ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಪ್ರತಿ ಶನಿವಾರ ಕ್ಯಾಪಿಟಲ್ ಕಟ್ಟಡದ ಸುತ್ತ ಡೇನ್ ಕೌಂಟಿ ರೈತ ಸಂತೆ ನಡೆಯುತ್ತದೆ. ಶುರುವಾದದ್ದು 1972ರಲ್ಲಿ. ಇದರ ಮುಖ್ಯ ನಿಯಮ ಒಂದೇ: ಬೆಳೆದವರೇ, ಮಾಡಿದವರೇ ಮಾರಬೇಕು. ದಲ್ಲಾಳಿಗಳಿಗೆ ಜಾಗ ಇಲ್ಲ. ಹಾಗಾಗಿ ಟೊಮೆಟೊ ಬಗ್ಗೆ ನೀವು ಏನು ಕೇಳಿದರೂ ಎದುರಿಗೆ ನಿಂತವರಿಗೆ ಉತ್ತರ ಗೊತ್ತಿರುತ್ತದೆ.

ಬೆಳಿಗ್ಗೆ 8ಕ್ಕೆ ಮುಂಚೆ ಹೋಗಿ. 10 ಗಂಟೆ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ, ಮಧ್ಯಾಹ್ನಕ್ಕೆ ಒಳ್ಳೆಯದೆಲ್ಲ ಖಾಲಿ. ಚೌಕದ ಸುತ್ತ ಜನ ಒಂದೇ ದಿಕ್ಕಿನಲ್ಲಿ ನಡೆಯುತ್ತಾರೆ, ಕ್ಯಾಪಿಟಲ್ ಎಡಗೈ ಕಡೆ ಬರುವಂತೆ. ನಮ್ಮ ದೇವಸ್ಥಾನದ ಪ್ರದಕ್ಷಿಣೆಗೆ ಸರಿಯಾಗಿ ಉಲ್ಟಾ. ಅಭ್ಯಾಸಬಲದಿಂದ ಎದುರು ದಿಕ್ಕಿಗೆ ಹೊರಟರೆ ಇಡೀ ಜನಪ್ರವಾಹವನ್ನು ಸೀಳಿಕೊಂಡು ಹೋಗಬೇಕಾಗುತ್ತದೆ.

ಏನು ಕೊಳ್ಳಬೇಕು? ಮೊದಲು ಚೀಸ್ ಕರ್ಡ್. ಚೀಸ್ ಅಚ್ಚಿಗೆ ಹೋಗುವ ಮೊದಲಿನ ಸಣ್ಣ ತುಂಡುಗಳು ಇವು. ತಾಜಾ ಇದ್ದರೆ ಹಲ್ಲಿಗೆ ಸಿಕ್ಕಾಗ ಕೀಚ್ ಕೀಚ್ ಅನ್ನುತ್ತವೆ. ಸದ್ದು ಬರದಿದ್ದರೆ ಹಳೆಯದು. ಸಸ್ಯಾಹಾರಿಗಳು ಒಂದು ಮಾತು ಕೇಳಲೇಬೇಕು. ಕೆಲವು ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ವೆಜಿಟೇರಿಯನ್ ರೆನೆಟ್ ಅಥವಾ ಮೈಕ್ರೋಬಿಯಲ್ ರೆನೆಟ್ ಹಾಕಿದ್ದೀರಾ ಎಂದು ಕೇಳಿ. ಅವರಿಗೆ ಇದು ಹೊಸ ಪ್ರಶ್ನೆಯಲ್ಲ, ಸಂಕೋಚ ಬೇಡ. ಕೆಂಪು ಮೆಣಸಿನ ಚೂರು ಹಾಕಿದ ಬಿಸಿ ಚೀಸ್ ಬ್ರೆಡ್ಡಿಗೆ ಸಾಲು ನಿಂತಿರುತ್ತದೆ. ನೀವೂ ನಿಲ್ಲಿ. ನಮ್ಮ ನಾಲಿಗೆಗೆ ಖಾರ ಏನೂ ಅಲ್ಲ, ರುಚಿ ಮಾತ್ರ ಚೆನ್ನಾಗಿದೆ.

ಬೇಸಿಗೆ ಕೊನೆಯಲ್ಲಿ ಹ್ಮಾಂಗ್ ಕುಟುಂಬಗಳ ಅಂಗಡಿ ಹುಡುಕಿ. ಲಾವೋಸ್ ಯುದ್ಧದ ನಂತರ ನಿರಾಶ್ರಿತರಾಗಿ ಬಂದು ವಿಸ್ಕಾನ್ಸಿನ್‌ನಲ್ಲಿ ನೆಲೆ ನಿಂತ ಜನ ಇವರು. ಅವರಲ್ಲಿ ಹಾಗಲಕಾಯಿ, ಹಸಿಮೆಣಸಿನಕಾಯಿ, ಕಟ್ಟುಗಟ್ಟಲೆ ಕೊತ್ತಂಬರಿ ಸಿಗುತ್ತದೆ. ಮಗಳ ಅಡುಗೆಮನೆಯಲ್ಲಿ ಒಂದು ಹೊತ್ತು ಗೊಜ್ಜು ಮಾಡಬೇಕು ಅಂತಿದ್ದರೆ ಇದೇ ಜಾಗ.

ಸಂತೆ ಮುಗಿಸಿ ಕ್ಯಾಪಿಟಲ್ ಒಳಗೆ ಹೋಗಿ. ಪ್ರವೇಶ ಉಚಿತ. ಉಚಿತ ಮಾರ್ಗದರ್ಶಿ ಪ್ರವಾಸವೂ ಇದೆ. 1917ರಲ್ಲಿ ಪೂರ್ತಿಯಾದ ಈ ಕಟ್ಟಡದ್ದು ಗ್ರಾನೈಟ್ ಗುಮ್ಮಟ. ಎತ್ತರದಲ್ಲಿ ವಾಷಿಂಗ್ಟನ್‌ನ ಕ್ಯಾಪಿಟಲ್‌ಗಿಂತ ಕೆಲವೇ ಅಡಿ ಕಡಿಮೆ. ತುದಿಯ ಚಿನ್ನದ ಬಣ್ಣದ ಪ್ರತಿಮೆ ಡೇನಿಯಲ್ ಚೆಸ್ಟರ್ ಫ್ರೆಂಚ್ ಮಾಡಿದ್ದು. ವಾಷಿಂಗ್ಟನ್‌ನಲ್ಲಿ ಕೂತಿರುವ ಲಿಂಕನ್ ಪ್ರತಿಮೆಯ ಶಿಲ್ಪಿಯೂ ಅವರೇ. ಪ್ರತಿಮೆಯ ಶಿರಸ್ತ್ರಾಣದ ಮೇಲೆ ಬ್ಯಾಡ್ಜರ್ ಎಂಬ ಪ್ರಾಣಿ ಇದೆ. ರಾಜ್ಯದ ಗುರುತು ಅದು, ವಿಶ್ವವಿದ್ಯಾಲಯದ ತಂಡದ ಹೆಸರೂ ಅದೇ. ಬೇಸಿಗೆಯಲ್ಲಿ ಮೇಲಿನ ವೀಕ್ಷಣಾ ಅಂಗಳ ತೆರೆದಿರುತ್ತದೆ. ಅಲ್ಲಿ ನಿಂತರೆ ಎರಡೂ ಸರೋವರ ಒಟ್ಟಿಗೆ ಕಾಣುತ್ತವೆ, ಊರು ಹೇಗೆ ಕೂತಿದೆ ಅನ್ನುವುದು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

2011ರ ಫೆಬ್ರವರಿಯಲ್ಲಿ ಸರ್ಕಾರಿ ನೌಕರರ ಸಂಘಗಳ ಹಕ್ಕನ್ನು ಮೊಟಕು ಮಾಡುವ ಮಸೂದೆ ಬಂದಾಗ ಇದೇ ಕಟ್ಟಡದೊಳಗೆ ವಿದ್ಯಾರ್ಥಿಗಳು, ಶಿಕ್ಷಕರು ವಾರಗಟ್ಟಲೆ ಠಿಕಾಣಿ ಹೂಡಿದ್ದರು. ಹೊರಗೆ ಹತ್ತಾರು ಸಾವಿರ ಜನ. ಸ್ಟೇಟ್ ಸ್ಟ್ರೀಟ್‌ನ ಇಯಾನ್ಸ್ ಪಿಜ್ಜಾ ಅಂಗಡಿಗೆ ಬೇರೆ ಬೇರೆ ದೇಶಗಳಿಂದ ಫೋನ್ ಬಂದವು. ಪ್ರತಿಭಟನೆ ಮಾಡುತ್ತಿರುವವರಿಗೆ ನಮ್ಮ ಲೆಕ್ಕದಲ್ಲಿ ಪಿಜ್ಜಾ ಕಳಿಸಿ ಅಂತ. ಈ ಊರಿನ ಜೀವಂತಿಕೆ ಬರೀ ಕುಣಿತ, ಕುಡಿತದ್ದಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

5. ಸ್ಟೇಟ್ ಸ್ಟ್ರೀಟ್ ಮೇಲೆ ನಡಿಗೆ

ಕ್ಯಾಪಿಟಲ್‌ನಿಂದ ಕ್ಯಾಂಪಸ್‌ವರೆಗೆ ನೇರವಾಗಿ ಹೋಗುವ ರಸ್ತೆ ಇದು. ಖಾಸಗಿ ಕಾರುಗಳಿಗೆ ಪ್ರವೇಶ ಇಲ್ಲ. ನಿಧಾನವಾಗಿ ನಡೆದರೂ ಅರ್ಧ ಗಂಟೆ. ದಾರಿಯಲ್ಲಿ ಸಮಕಾಲೀನ ಕಲಾ ಮ್ಯೂಸಿಯಂ ಇದೆ, ಉಚಿತ. ಮಧ್ಯಾಹ್ನದ ಊಟಕ್ಕೆ ಇಯಾನ್ಸ್‌ನ ಮ್ಯಾಕ್ ಅಂಡ್ ಚೀಸ್ ಪಿಜ್ಜಾ ಒಂದು ತುಂಡು ತಗೊಳ್ಳಿ, ಒಂದರಲ್ಲೇ ಹೊಟ್ಟೆ ತುಂಬುತ್ತದೆ. ಅನ್ನ, ಬೇಳೆ ಬೇಕು ಅನ್ನಿಸಿದರೆ ಇದೇ ರಸ್ತೆಯಲ್ಲಿ ನೇಪಾಳಿ ಊಟ ಸಿಗುತ್ತದೆ. ಕೂತು ಉಣ್ಣುವ ಹೋಟೆಲಲ್ಲಿ ಬಿಲ್ ಮೇಲೆ 18ರಿಂದ 20 ಶೇಕಡಾ ಟಿಪ್ ಕೊಡುವುದು ವಾಡಿಕೆ. ಬಡಿಸುವವರು ಬಹುತೇಕ ವಿದ್ಯಾರ್ಥಿಗಳೇ, ಅವರ ಬಾಡಿಗೆ ಅದರಲ್ಲೇ ನಡೆಯುವುದು.

6. ಕ್ಯಾಂಪಸ್: ಗೈಡ್ ಬೇಡ, ಮಕ್ಕಳೇ ತೋರಿಸಲಿ

ರಸ್ತೆ ಮುಗಿದಲ್ಲಿ ಬ್ಯಾಸ್ಕಮ್ ಹಿಲ್ ಎದುರಾಗುತ್ತದೆ. ಏರು ಸ್ವಲ್ಪ ಕಡಿದು. ಮಂಡಿ ನೋವಿದ್ದರೆ 80ನೇ ನಂಬರ್ ಬಸ್ಸಿನಲ್ಲಿ ಮೇಲಕ್ಕೆ ಹೋಗಿ, ಇಳಿಯುವಾಗ ನಡೆಯಿರಿ. ತುದಿಯಲ್ಲಿ ಲಿಂಕನ್ ಕೂತಿದ್ದಾರೆ. ಪದವಿ ಪಡೆದವರು ಅವರ ತೊಡೆ ಹತ್ತಿ ಕೂತು ಫೋಟೋ ತೆಗೆಸಿಕೊಳ್ಳುವ ಸಂಪ್ರದಾಯ ಇದೆ. ಮೇ ತಿಂಗಳಲ್ಲಿ ಅದಕ್ಕೂ ಸಾಲು!

ಈ ಪ್ರತಿಮೆಯ ಹಿಂದೆ ಇರುವ ಕಟ್ಟಡದ ಬಾಗಿಲ ಬಳಿ ಒಂದು ಕಂಚಿನ ಫಲಕ ಇದೆ. ಅದನ್ನು ಓದದೆ ಬರಬೇಡಿ. 1894ರಲ್ಲಿ ರಿಚರ್ಡ್ ಈಲಿ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರ ಮೇಲೆ ಮುಷ್ಕರಗಳಿಗೆ ಬೆಂಬಲ ಕೊಡುತ್ತಾರೆ, ಅಪಾಯಕಾರಿ ವಿಚಾರ ಕಲಿಸುತ್ತಾರೆ ಎಂಬ ಆರೋಪ ಬಂತು. ಆಡಳಿತ ಮಂಡಳಿ ಅವರನ್ನು ತೆಗೆಯಲಿಲ್ಲ. ಹೆದರದೆ ಜರಡಿ ಹಿಡಿದು, ಕೇರಿ ನೋಡಿದರೆ ಮಾತ್ರ ಸತ್ಯ ಸಿಗುತ್ತದೆ ಎಂಬ ಅರ್ಥದ ಮಾತನ್ನು ಬರೆದಿಟ್ಟಿತು. ಅದೇ ಮಾತು ಈ ಫಲಕದ ಮೇಲಿದೆ. ಮಕ್ಕಳನ್ನು ಎಂಥ ಜಾಗಕ್ಕೆ ಕಳಿಸಿದ್ದೀರಿ ಎಂದು ತಿಳಿಯಲು ಇದೊಂದು ಫಲಕ ಸಾಕು.

ಇದೇ ಗುಡ್ಡದ ಹುಲ್ಲಿನ ಮೇಲೆ 1979ರಲ್ಲಿ ವಿದ್ಯಾರ್ಥಿಗಳು 1,008 ಪ್ಲಾಸ್ಟಿಕ್ ಫ್ಲೆಮಿಂಗೊ ಹಕ್ಕಿಗಳನ್ನು ರಾತ್ರೋರಾತ್ರಿ ನೆಟ್ಟಿದ್ದರು. 30 ವರ್ಷದ ನಂತರ, 2009ರಲ್ಲಿ, ನಗರಸಭೆ ಪ್ಲಾಸ್ಟಿಕ್ ಫ್ಲೆಮಿಂಗೊವನ್ನೇ ಊರಿನ ಅಧಿಕೃತ ಹಕ್ಕಿ ಅಂತ ಘೋಷಿಸಿತು.

ಇಲ್ಲಿಂದ ಮುಂದೆ ದಾರಿ ಮಕ್ಕಳ ಕೈಗೆ ಬಿಡಿ. ಅವರು ಕೆಲಸ ಮಾಡುವ ಲ್ಯಾಬ್, ಓದುವ ಲೈಬ್ರರಿಯ ಮೂಲೆ, ದಿನಸಿ ತರುವ ಅಂಗಡಿ. ಬಯೋಕೆಮಿಸ್ಟ್ರಿ ಓದುವ ಮಕ್ಕಳಿದ್ದರೆ ಕೇಳಿ ನೋಡಿ, ಭಾರತ ಮೂಲದ ವಿಜ್ಞಾನಿ ಹರಗೋಬಿಂದ್ ಖೊರಾನಾ ಹೆಸರು ಅವರಿಗೆ ಗೊತ್ತಿರುತ್ತದೆ. 1960ರಿಂದ ಹತ್ತು ವರ್ಷ ಅವರು ಇಲ್ಲೇ ಇದ್ದರು. 1968ರಲ್ಲಿ ನೊಬೆಲ್ ತಂದುಕೊಟ್ಟ ಜೆನೆಟಿಕ್ ಕೋಡ್ ಕೆಲಸ ನಡೆದದ್ದು ಇಲ್ಲಿ. ನಮ್ಮ ಹಳ್ಳಿಗಳ ಡೇರಿಯಲ್ಲಿ ಹಾಲಿನ ಜಿಡ್ಡು ನೋಡಿ ದುಡ್ಡು ಕೊಡುತ್ತಾರಲ್ವಾ, ಆ ಜಿಡ್ಡನ್ನು ಸುಲಭವಾಗಿ ಅಳೆಯುವ ಒಂದು ಪರೀಕ್ಷೆಯನ್ನು 1890ರಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ರೂಪಿಸಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ನೀರು ಬೆರೆಸುವವರಿಗೆ ಕಡಿವಾಣ ಬಿತ್ತು, ಒಳ್ಳೆಯ ಹಾಲು ತಂದ ರೈತನಿಗೆ ನ್ಯಾಯ ಸಿಕ್ಕಿತು. ಅವರು ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಅವರ ಹೆಸರಿನ ಡೇರಿಯಲ್ಲಿ ವಿಶ್ವವಿದ್ಯಾಲಯವೇ ಮಾಡುವ ಐಸ್‌ಕ್ರೀಮ್ ಸಿಗುತ್ತದೆ.

ಓದು, ಸಾಹಿತ್ಯದಲ್ಲಿ ಆಸಕ್ತಿ ಇರುವವರಿಗೆ ಇನ್ನೊಂದು ಮಾತು. ಪ್ರತಿ ವರ್ಷ, ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ, ಇಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ದೊಡ್ಡ ಸಮ್ಮೇಳನ ನಡೆಯುತ್ತದೆ. ಭಾರತದ ಭಾಷೆ, ಇತಿಹಾಸದ ಮೇಲೆ ಕೆಲಸ ಮಾಡುವವರು ಎಲ್ಲೆಲ್ಲಿಂದಲೋ ಬರುತ್ತಾರೆ.

7. ಸಂಜೆ: ಟೆರೇಸ್

1928ರಲ್ಲಿ ತೆರೆದ ಮೆಮೋರಿಯಲ್ ಯೂನಿಯನ್ ಎಂಬ ವಿದ್ಯಾರ್ಥಿ ಭವನದ ಹಿಂದೆ, ಮೆಂಡೋಟಾ ನೀರಿನ ಅಂಚಿಗೆ ಟೆರೇಸ್ ಎಂಬ ಒಂದು ದೊಡ್ಡ ಅಂಗಳ ಇದೆ. ಸೂರ್ಯನ ಕಿರಣದಂಥ ಬೆನ್ನಿನ ಹಸಿರು, ಹಳದಿ, ಕಿತ್ತಳೆ ಕುರ್ಚಿಗಳು. ಏಪ್ರಿಲ್ ಹೊತ್ತಿಗೆ ಈ ಕುರ್ಚಿಗಳು ಹೊರಗೆ ಬಂದವು ಅಂದರೆ ಊರಿನವರಿಗೆ ಚಳಿಗಾಲ ಮುಗಿದಂತೆ. ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮುಂಚೆ ಹೋಗಿ ಕುರ್ಚಿ ಹಿಡಿಯಿರಿ. ಒಬ್ಬರು ಜಾಗ ಕಾಯಲಿ, ಇನ್ನೊಬ್ಬರು ಬ್ಯಾಬ್‌ಕಾಕ್ ಐಸ್‌ಕ್ರೀಮ್ ತರಲಿ, ಯೂನಿಯನ್ ಒಳಗೇ ಸಿಗುತ್ತದೆ. ಬೇಸಿಗೆಯಲ್ಲಿ ಹಲವು ಸಂಜೆ ಉಚಿತ ಸಂಗೀತ ಇರುತ್ತದೆ. ಪ್ರೊಫೆಸರ್, ವಿದ್ಯಾರ್ಥಿ, ಮಗು ಎತ್ತಿಕೊಂಡ ಅಮ್ಮ, ನಿವೃತ್ತರು ಎಲ್ಲ ಅಕ್ಕಪಕ್ಕ ಕೂತಿರುತ್ತಾರೆ. ಸುತ್ತ ಬಿಯರ್ ಕುಡಿಯುವವರು ಇರುತ್ತಾರೆ, ಗಾಬರಿ ಬೇಡ. 21 ವರ್ಷದ ಒಳಗಿನವರಿಗೆ ಕೊಡುವುದಿಲ್ಲ, ಗುರುತಿನ ಚೀಟಿ ಕೇಳುತ್ತಾರೆ.

ನನಗೆ ಇಡೀ ಊರಿನಲ್ಲಿ ಅತ್ಯಂತ ಪ್ರೀತಿಯ ಜಾಗ ಇದು. ಇಲ್ಲಿ ಏನೂ ಮಾಡಬೇಕಿಲ್ಲ. ಎರಡು ಗಂಟೆ ಸುಮ್ನೆ ಕೂತುಕೊಳ್ಳಿ. ಮಕ್ಕಳು ಫೋನಿನಲ್ಲಿ ಹೇಳದ ಎಷ್ಟೋ ಮಾತು ಇಲ್ಲಿ ತಾನಾಗಿ ಹೊರಗೆ ಬರುತ್ತವೆ.

ಬೇಸಿಗೆಯಲ್ಲಿ ನೀರಿಗಿಳಿಯುವ ಮುಂಚೆ ಬೀಚ್ ತೆರೆದಿದೆಯೇ ನೋಡಿ. ಸುತ್ತಲಿನ ಹೊಲಗಳಿಂದ ಹರಿದುಬರುವ ರಂಜಕದಿಂದ ಸರೋವರದಲ್ಲಿ ಪಾಚಿ ಬೆಳೆಯುತ್ತದೆ, ಕೆಲವು ಪಾಚಿ ವಿಷಕಾರಿ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕಂಡರೆ ಮಕ್ಕಳನ್ನು ಬಿಡಬೇಡಿ.

8. ಭಾನುವಾರ: ಒಂದನ್ನೇ ಆರಿಸಿ

ಎಲ್ಲ ನೋಡಲು ಹೊರಟರೆ ಯಾವುದೂ ನೋಡಿದಂತೆ ಆಗುವುದಿಲ್ಲ. ನಡೆಯುವ ಶಕ್ತಿ ಇದ್ದರೆ ಯೂನಿಯನ್‌ನಿಂದ ಸರೋವರದ ದಂಡೆಯ ಹಾದಿ ಹಿಡಿದು ಪಿಕ್ನಿಕ್ ಪಾಯಿಂಟ್‌ಗೆ ಹೋಗಿ. ನೀರಿನೊಳಕ್ಕೆ ಚಾಚಿದ ಉದ್ದನೆಯ ನೆಲದ ತುಂಡು. ಅಲ್ಲಿ ಕಾಣುವ ಮಣ್ಣಿನ ದಿಬ್ಬಗಳು ಮೂಲನಿವಾಸಿಗಳು ಕಟ್ಟಿದ ಪವಿತ್ರ ದಿಬ್ಬಗಳು. ಇದು ಹೋ-ಚಂಕ್ ಜನರ ನೆಲ. ದಿಬ್ಬ ಹತ್ತಬೇಡಿ, ಪಕ್ಕದ ಹಾದಿಯಲ್ಲೇ ನಡೆಯಿರಿ.

ಚಿಕ್ಕ ಮಕ್ಕಳಿದ್ದರೆ ಹೆನ್ರಿ ವಿಲಾಸ್ ಮೃಗಾಲಯ, ಪ್ರವೇಶ ಉಚಿತ. ಹೂವು ಇಷ್ಟವಾದರೆ ಓಲ್‌ಬ್ರಿಕ್ ತೋಟ. ಹೊರಗಿನ ತೋಟಕ್ಕೆ ಟಿಕೆಟ್ ಇಲ್ಲ, ಒಳಗೊಂದು ಥಾಯ್ ಮಂಟಪ ಇದೆ, ಥಾಯ್ಲೆಂಡ್‌ನಿಂದ ಉಡುಗೊರೆಯಾಗಿ ಬಂದದ್ದು. ಕಟ್ಟಡಗಳಲ್ಲಿ ಆಸಕ್ತಿ ಇರುವವರಿಗೆ ಮೊನೋನಾ ಟೆರೇಸ್ ಎಂಬ ಸಭಾಭವನ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1938ರಲ್ಲಿ ನಕ್ಷೆ ಕೊಟ್ಟರು, ಊರಿನವರು ಜಗಳವಾಡಿ ಜಗಳವಾಡಿ 1997ರಲ್ಲಿ ತೆರೆದರು.

ನನ್ನ ಆಯ್ಕೆ ಆರ್ಬೊರೇಟಂ, ಅಂದರೆ ವಿಶ್ವವಿದ್ಯಾಲಯದ ಸಸ್ಯವನ. 1930ರ ದಶಕದಲ್ಲಿ, ಉಳುಮೆಯಿಂದ ಹಾಳಾದ ಹೊಲವನ್ನು ವಿಶ್ವವಿದ್ಯಾಲಯದವರು ಮತ್ತೆ ಮೊದಲಿನ ಹುಲ್ಲುಗಾವಲು ಮಾಡಲು ಹೊರಟರು. ಪರಿಸರ ಚಿಂತಕ ಆಲ್ಡೋ ಲಿಯೋಪೋಲ್ಡ್ ಆ ತಂಡದಲ್ಲಿದ್ದರು. ಹೀಗೆ ಕೈಯಾರೆ ಮರಳಿ ಬೆಳೆಸಿದ ಹುಲ್ಲುಗಾವಲುಗಳಲ್ಲಿ ಅಲ್ಲಿನ ಕರ್ಟಿಸ್ ಪ್ರೇರಿಯೇ ಎಲ್ಲಕ್ಕಿಂತ ಹಳೆಯದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹುಲ್ಲು ಆಳೆತ್ತರ ಬೆಳೆದಿರುತ್ತದೆ. ಉದ್ದ ಪ್ಯಾಂಟು, ಕಾಲುಚೀಲ ಹಾಕಿ ಹೋಗಿ. ಇಲ್ಲಿನ ಉಣ್ಣೆ ಹುಳು (ಟಿಕ್) ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ವಾಪಸ್ ಬಂದು ಮೈಕೈ ಒಮ್ಮೆ ನೋಡಿಕೊಳ್ಳಿ.

9. ಪಂದ್ಯದ ದಿನ ಹೋದವರಿಗೆ

ಕ್ಯಾಂಪ್ ರ‍್ಯಾಂಡಲ್ ಸ್ಟೇಡಿಯಂನಲ್ಲಿ 75,000ಕ್ಕೂ ಹೆಚ್ಚು ಜನ ಕೂರುತ್ತಾರೆ. ಟಿಕೆಟನ್ನು ವಿಶ್ವವಿದ್ಯಾಲಯದ ಅಧಿಕೃತ ಜಾಲತಾಣದಲ್ಲೇ ನೋಡಿ. ಕೈಚೀಲ ಒಳಗೆ ಬಿಡುವ ನಿಯಮ ಬಿಗಿಯಾಗಿದೆ, ಮೊದಲೇ ಓದಿಕೊಳ್ಳಿ. ಆಟದ ನಿಯಮ ಗೊತ್ತಿರಬೇಕು ಅಂತೇನೂ ಇಲ್ಲ. ಮೂರನೇ ಕ್ವಾರ್ಟರ್ ಮುಗಿದು ನಾಲ್ಕನೆಯದು ಶುರುವಾಗುವ ಮುಂಚೆ ಹಾಡು ಹಾಕುತ್ತಾರೆ, ಇಡೀ ಸ್ಟೇಡಿಯಂ ಒಟ್ಟಿಗೆ ಕುಪ್ಪಳಿಸುತ್ತದೆ. 1998ರಿಂದ ನಡೆದುಬಂದ ರೂಢಿ. ಪಂದ್ಯ ಮುಗಿದ ಮೇಲೂ ಎದ್ದು ಓಡಬೇಡಿ, ವಿದ್ಯಾರ್ಥಿಗಳ ಬ್ಯಾಂಡ್ ಮೈದಾನಕ್ಕೆ ಇಳಿದು ನುಡಿಸುತ್ತದೆ. ರಸ್ತೆಯ ನೂಕುನುಗ್ಗಲೂ ಅಷ್ಟರಲ್ಲಿ ಕಡಿಮೆ ಆಗಿರುತ್ತದೆ.

10. ಇನ್ನೊಂದು ದಿನ ಇದ್ದರೆ

ಸುಮಾರು 40 ಮೈಲಿ ದೂರದಲ್ಲಿ ಎರಡು ಜಾಗಗಳಿವೆ, ದಿಕ್ಕು ಬೇರೆ ಬೇರೆ. ಒಂದು ಸ್ಪ್ರಿಂಗ್ ಗ್ರೀನ್ ಬಳಿಯ ಟಾಲಿಯೆಸಿನ್, ಫ್ರಾಂಕ್ ಲಾಯ್ಡ್ ರೈಟ್ ಅವರ ಮನೆ. ಪ್ರವಾಸಕ್ಕೆ ಮುಂಗಡ ಟಿಕೆಟ್ ಬೇಕು, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಇನ್ನೊಂದು ಬರಾಬೂ ಬಳಿಯ ಡೆವಿಲ್ಸ್ ಲೇಕ್ ಉದ್ಯಾನ. ಸರೋವರದ ಮೇಲೆ ಸುಮಾರು 500 ಅಡಿ ಎತ್ತರದ ಬಂಡೆಗಳು. ಬೇಸಿಗೆಯ ವಾರಾಂತ್ಯ ಬೆಳಿಗ್ಗೆ ಬೇಗ ಹೋಗದಿದ್ದರೆ ಪಾರ್ಕಿಂಗ್ ಸಿಗುವುದಿಲ್ಲ. ಪ್ರತಿ ಗಾಡಿಗೂ ರಾಜ್ಯ ಉದ್ಯಾನದ ಸ್ಟಿಕ್ಕರ್ ಕೊಳ್ಳಬೇಕು. ದೇವಸ್ಥಾನಕ್ಕೆ ಹೋಗಬೇಕು ಅನ್ನುವವರು ಮಿಲ್ವಾಕಿ ದಾರಿಯ ಪಿವಾಕಿಯಲ್ಲಿರುವ ವಿಸ್ಕಾನ್ಸಿನ್ ಹಿಂದೂ ದೇವಾಲಯವನ್ನು ಮಿಲ್ವಾಕಿಗೆ ಹೋಗುವ ದಿನಕ್ಕೆ ಇಟ್ಟುಕೊಳ್ಳಿ. ಇವಕ್ಕೆ ಕಾರು ಬೇಕು. ಆ ಒಂದು ದಿನಕ್ಕೆ ಮಾತ್ರ ಬಾಡಿಗೆಗೆ ತಗೊಳ್ಳಿ. ಉಳಿದ ದಿನ ಕಾರು ಇದ್ದರೆ ಪಾರ್ಕಿಂಗ್ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.